ಕಾಫಿ ಬೇಡವೆಂದ ವೆಂಕಟಗಿರಿ

ವಿಜಯನಗರದ ಆ ಬೀದಿಯಲ್ಲಿ ಸೂರ್ಯೋದಯ ಎಂದರೆ ವೆಂಕಟಗಿರಿಯವರು ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುವುದು. ಆ ಗುರುವಾರ ಅವರ ಕೈಯಲ್ಲಿ ಪೇಪರ್ ಇತ್ತು, ಲೋಟ ಇರಲಿಲ್ಲ. ಅಷ್ಟೇ ಸಾಕಾಯಿತು.

ಕಾರಣ ಅವರ ಎದೆಯೊಳಗಿತ್ತು. ಮೂವತ್ತು ವರ್ಷ ವಿದ್ಯುತ್ ಕಚೇರಿಯಲ್ಲಿ ಊರಿನವರ ಕರೆಂಟಿನ ದೂರು ಬರೆದುಕೊಂಡ ಮನುಷ್ಯನ ಇ.ಸಿ.ಜಿ. ನೋಡಿ, ಹೋದ ವಾರ ಡಾಕ್ಟರು, "ನಿಮ್ಮ ಹೃದಯದ ಎಡಭಾಗಕ್ಕೆ ಕರೆಂಟು ತಡವಾಗಿ ಹೋಗ್ತಿದೆ. ಬರೀ ವೈರಿಂಗ್ ತೊಂದರೆನೋ, ರಕ್ತನಾಳವೂ ಕಟ್ಟಿಕೊಂಡಿದೆಯೋ, ಆಂಜಿಯೋಗ್ರಾಂ ಮಾಡಿದ್ರೇ ಗೊತ್ತಾಗೋದು. ಗುರುವಾರ ಹತ್ತಕ್ಕೆ ಖಾಲಿ ಹೊಟ್ಟೇಲಿ ಬನ್ನಿ" ಅಂದಿದ್ದರು. ಅಂದಿನಿಂದ ವೆಂಕಟಗಿರಿಯವರಿಗೆ ನಿದ್ದೆಯಿಲ್ಲ. ಬೀದಿಗೆ ಗೊತ್ತಾದರೆ ಆಸ್ಪತ್ರೆಗೆ ಮೆರವಣಿಗೆಯೇ ಹೊರಟೀತೆಂದು, ಯಾರಿಗೂ ಹೇಳಬಾರದೆಂದು ಹೆಂಡತಿ ಕೋಕಿಲಾಳಿಂದ ಆಣೆ ಹಾಕಿಸಿಕೊಂಡಿದ್ದರು.

ಎದುರು ಮನೆಯ ನೀಲಮ್ಮ ರಂಗೋಲಿ ಅರ್ಧಕ್ಕೇ ಬಿಟ್ಟು ಎದ್ದರು.

"ಯಾಕ್ ಸಾರ್, ಕಾಫಿ ಇಲ್ವಾ? ಜಗಳಾನಾ?"

"ಇಲ್ಲಮ್ಮ, ಬೇಡ ಅನ್ನಿಸ್ತು."

ನೀಲಮ್ಮನ ಶಾಸ್ತ್ರದಲ್ಲಿ ಅದು ವಿಚ್ಛೇದನಕ್ಕೆ ಒಂದೇ ಮೆಟ್ಟಿಲು ಕಡಿಮೆ. ಐದು ನಿಮಿಷದಲ್ಲಿ ಪಕ್ಕದ ಮನೆಯ ಜಗನ್ನಾಥರಾಯರು, ಹೆಂಡತಿ ಜಗದಾಂಬಾ ಕೊಟ್ಟ ಹಬೆಯಾಡುವ ಲೋಟ ಹಿಡಿದೇ ಗೇಟು ದಾಟಿ ಬಂದರು.

"ಗಿರಿಯವ್ರೇ, ಹೆಂಡ್ತಿ ಮೇಲಿನ ಸಿಟ್ಟು ಕಾಫಿ ಮೇಲೆ ಯಾಕ್ರೀ? ಕುಡೀರಿ."

"ಸಾರ್, ನಿಜವಾಗ್ಲೂ..."

ಅಷ್ಟರಲ್ಲಿ ನೀಲಮ್ಮ ಕೋಕಿಲಾಳನ್ನು ಕೈಹಿಡಿದು ಹೊರಗೆ ಎಳೆತಂದಿದ್ದರು. "ನಿಜ ಹೇಳಮ್ಮ, ಜಗಳ ತಾನೇ?"

ಆಣೆ ನೆನಪಾಗಿ ಕೋಕಿಲಾಳ ಮುಖ ಹುಳಿ ಬಿದ್ದ ಹಾಲಿನಂತೆ ಒಡೆಯಿತು. "ಹೂಂ... ಜಗಳ" ಅಂದಳು. ಅಳು ಮಾತ್ರ ನಿಜವಾಗಿಯೇ ಬಂತು.

"ಹೆಣ್ಣುಮಗಳು ಅಳ್ತಿದ್ದಾಳೆ, ನಿಮ್ಮೆದೆ ಏನ್ರೀ ಕಲ್ಲಾ?" ರಾಯರು ಗದರಿದರು. ಒಂದು ಲೋಟದಿಂದ ಏನಾದೀತೆಂದು ವೆಂಕಟಗಿರಿ ಕಣ್ಣುಮುಚ್ಚಿ ಕುಡಿದರು. ನೀಲಮ್ಮ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಯಲ್ಲಿ ನರ್ಸಿನ ಮೊದಲ ಪ್ರಶ್ನೆಯೇ, "ಏನಾದ್ರೂ ತಗೊಂಡ್ರಾ?"

ವೆಂಕಟಗಿರಿಯವರಿಗೆ ಸುಳ್ಳು ಬರಲಿಲ್ಲ.

"ಹಾಲು ಹಾಕಿದ ಕಾಫೀನಾ? ನಾಳೆ ಬನ್ನಿ ಸಾರ್."

ಇನ್ನೂ ಒಂದು ರಾತ್ರಿ ಆ ಎದೆ ಹೊತ್ತು ಮಲಗಬೇಕು. ನಿಟ್ಟುಸಿರಿಟ್ಟು ತಿರುಗಿದರೆ, ಪಕ್ಕದ ಮಂಚದ ಮೇಲೆ ಹಸಿರು ಗೌನು ತೊಟ್ಟು ಜಗನ್ನಾಥರಾಯರು!

"ನರ್ಸು ನಿಮ್ಮ ಫೈಲು ಓದಿದ್ದು ಕೇಳಿಸ್ತು. ನಂಗೂ ಅದೇ ಕರೆಂಟಿನ ಕಾಯಿಲೆ ಕಣ್ರೀ," ಅಂದರು. "ಮನೇಲಿ ಹೇಳಿಲ್ಲ. ಅವಳು ಕೊಟ್ಟ ಕಾಫಿ ಎಲ್ಲಿ ಚೆಲ್ಲೋದು ಅಂತ ಒದ್ದಾಡ್ತಿದ್ದೆ, ನೀವು ಸಿಕ್ಕಿದ್ರಿ."

ವೆಂಕಟಗಿರಿಯವರಿಗೆ ನೆತ್ತಿಗೇರಿದ ಸಿಟ್ಟು, ಗೌನಿನ ಕೆಳಗೆ ನಡುಗುತ್ತಿದ್ದ ಎರಡು ಬರಿಗಾಲು ಕಂಡು ಇಳಿದುಹೋಯಿತು. ಜೊತೆಯವರ ಸಹಿ ಇಲ್ಲದೆ ರಾಯರನ್ನು ಒಳಗೆ ಬಿಡುವುದಿಲ್ಲ ಎಂದಳು ನರ್ಸು. ಫಾರಂನಲ್ಲಿ ಸಂಬಂಧ ಎಂಬ ಕಡೆ ವೆಂಕಟಗಿರಿ 'ತಮ್ಮ' ಎಂದು ಬರೆದು ಸಹಿ ಹಾಕಿದರು. ಸ್ಟ್ರೆಚರ್ ಗಾಡಿ ಬಾಗಿಲು ದಾಟುವವರೆಗೂ ರಾಯರ ತಣ್ಣನೆಯ ಕೈ ಬಿಡಲಿಲ್ಲ.

ಗಂಟೆ ಕಳೆದು ರಾಯರು ಅದೇ ಗಾಡಿಯ ಮೇಲೆ ನಗುತ್ತ ಹೊರಬಂದರು. ನಾಳಗಳೆಲ್ಲ ಚೊಕ್ಕ, ಬರೀ ವೈರಿಂಗು. ಮಲಗಿದಲ್ಲಿಂದಲೇ ಮೊಬೈಲಿನಲ್ಲಿ ಹೆಂಡತಿಗೆ ಕೂಗಿ ಹೇಳಿದರು: "ನಂಗೇನೂ ಇಲ್ಲ ಕಣೇ! ಪಾಪ, ಗಿರಿಯವ್ರಿಗೇ ನಾಳೆ ಆಂಜಿಯೋಗ್ರಾಂ. ನೀಲಮ್ಮಂಗೂ ಹೇಳು!"

ಎರಡೇ ನಿಮಿಷಕ್ಕೆ ವೆಂಕಟಗಿರಿಯವರ ಫೋನು ಬಡಿದುಕೊಂಡಿತು.

"ನಮ್ಮತ್ರಾನೂ ಮುಚ್ಚಿಟ್ರಾ ಸಾರ್?" ನೀಲಮ್ಮ ಕೇಳಿದರು. "ಹೆದರ್ಬೇಡಿ, ಬೀದಿಯವರೆಲ್ಲ ಬರ್ತೀವಿ. ಬೆಳಿಗ್ಗೆ ಆರಕ್ಕೇ ಬಿಸಿಬಿಸಿ ಇಡ್ಲಿ ತರ್ತೀನಿ. ಅಂಥ ಜಾಗಕ್ಕೆ ಖಾಲಿ ಹೊಟ್ಟೇಲಿ ಯಾರಾದ್ರೂ ಹೋಗ್ತಾರಾ?"