ಎರಡು ನೂಲಿನ ಮಾನಿಟರ್

ಗುರುಸಂಗಪ್ಪನವರನ್ನು ನಾನು ಮೊದಲು ಕಂಡದ್ದು ಬೆನ್ನ ಕಡೆಯಿಂದ. ಗಜೇಂದ್ರಗಡದ ಶಾಲೆಗೆ ವರ್ಗವಾಗಿ ಬಂದ ವಾರದಲ್ಲೇ, ಮನೆಯವಳಿಗೊಂದು ಪಟ್ಟೇದಂಚಿನ ಸೀರೆ ಕೊಳ್ಳಲು ಅವರ ಅಂಗಡಿಗೆ ಹೋಗಿದ್ದೆ. ನಾನು ಬೆರಳು ತೋರಿಸಿದ ಸೀರೆಯನ್ನು ಎತ್ತಿಕೊಂಡವರೇ ಸರಸರನೆ ರಸ್ತೆಗೆ ನಡೆದುಬಿಟ್ಟರು. ನಾನು ಹಿಂದೆ ಓಡಿದೆ. ಬಿಸಿಲಿನಲ್ಲಿ ಸೆರಗು ಬಿಡಿಸಿ ಹಿಡಿದು, “ಅಂಗಡ್ಯಾಗಿನ ದೀಪ ಸುಳ್ಳ ಹೇಳತೈತ್ರಿ ಮಾಸ್ತರ. ಸೂರ್ಯಾ ಹೇಳೂದಿಲ್ಲ,” ಎಂದರು.

ಬಣ್ಣದ ವಿಷಯದಲ್ಲಿ ಅವರ ಮಾತೆಂದರೆ ರೋಣ, ನರಗುಂದ, ಗಜೇಂದ್ರಗಡ ಮೂರಕ್ಕೂ ಸರ್ವೋಚ್ಚ ನ್ಯಾಯಾಲಯದ ತೀರ್ಪು. (ಮನೆಯಲ್ಲಿ ಮಾತ್ರ ಅವರದು ಕೆಳಗಿನ ನ್ಯಾಯಾಲಯ. ಮೇಲ್ಮನವಿಗಳನ್ನು ಪತ್ನಿ ಅನ್ನಪೂರ್ಣೇಶ್ವರಿಯವರು ಆಲಿಸುತ್ತಿದ್ದರು.) ಮೂವತ್ತು ವರ್ಷಗಳಲ್ಲಿ ಬಣ್ಣ ಸರಿಯಿಲ್ಲವೆಂದು ಅವರ ಅಂಗಡಿಗೆ ಒಂದು ಸೀರೆಯೂ ಮರಳಿ ಬಂದಿರಲಿಲ್ಲ. ಆ ಹೆಮ್ಮೆಯೇ ಅವರ ಆಸ್ತಿ.

ಹೋದ ವರ್ಷ ಅಂಗಡಿಯ ಕಂಪ್ಯೂಟರಿನ ಮಾನಿಟರ್ ಕಣ್ಣು ಮುಚ್ಚಿತು. ಅನ್ನಪೂರ್ಣಮ್ಮ ಅದರಲ್ಲಿ ಎರಡು ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಸೀರೆಗಳ ಫೋಟೋಗಳನ್ನು ಗಿರಾಕಿಗಳ ಮೊಬೈಲಿಗೆ ಕಳಿಸುವುದು, ಮಧ್ಯಾಹ್ನ ಗಿರಾಕಿಗಳು ರೊಟ್ಟಿ ಉಂಡು ಅಡ್ಡಾದಾಗ ಕಾರ್ ರೇಸ್ ಆಡುವುದು. ಹಳೆಯ ಪರದೆಯಲ್ಲಿ ತಿರುವು ಕಾಣಿಸುವಷ್ಟರಲ್ಲಿ ಕಾರು ತಿರುವನ್ನು ದಾಟಿರುತ್ತಿತ್ತು, ಈ ಸಲ ಚುರುಕಾದ ಪರದೆಯೇ ಬೇಕು ಎಂಬುದು ಆಕೆಯ ವಾದ.

“ಸೀರಿ ಏನ್ ಓಡ್ತಾವೇನು? ನಿಂತಲ್ಲೇ ನಿಲ್ತಾವು. ನಮಗ ಬೇಕಾದ್ದು ಬಣ್ಣ,” ಎಂದರು ಗುರುಸಂಗಪ್ಪ.

“ಮುಂಜಾನಿ ಬಣ್ಣ ಬೇಕು, ಖರೇ. ಮಧ್ಯಾಹ್ನ ನಾ ಏನ್ ನಿಮ್ಮ ಮುಖಾ ನೋಡ್ಕೋತ ಕೂಡ್ಲೇನು?”

ಇಬ್ಬರೂ ರೋಣಕ್ಕೆ, ಮೌಲಾಸಾಬರ ಮಗಳು ಜಬೀನಳ ಕಂಪ್ಯೂಟರ್ ಅಂಗಡಿಗೆ ಹೋದರು. ಜಬೀನ ಮೂರು ಬಗೆ ತೋರಿಸಿ ತಾಳ್ಮೆಯಿಂದ ತಿಳಿಸಿ ಹೇಳಿದಳು. ಐಪಿಎಸ್ ಎಂಬುದನ್ನು ಎಲ್ಲಿಂದ ನೋಡಿದರೂ ಬಣ್ಣ ಒಂದೇ. ವಿಎ ಎಂಬುದರಲ್ಲಿ ಕಪ್ಪು ಕಡುಗಪ್ಪು, ಆದರೆ ಓಡುವ ಚಿತ್ರ ತುಸು ಮಸುಕು. ಟಿಎನ್ ಎಂಬುದು ಆಟಕ್ಕೆ ಬಲು ಚುರುಕು, ಆದರೆ ನೇರ ಎದುರಿಗೇ ಕೂತು ನೋಡಬೇಕು. ಬಣ್ಣದ ಕೆಲಸಕ್ಕಾದರೆ ಮೊದಲನೆಯದೇ ಸರಿ.

ಗುರುಸಂಗಪ್ಪ ಸಾವಕಾರರು ಮೂರನ್ನೂ ಬಿಸಿಲಿಗೆ ತರಿಸಿದರು. ಜಬೀನ ಉದ್ದನೆಯ ವೈರು ಎಳೆದು, ಹೊಸ್ತಿಲಾಚೆ ಸ್ಟೂಲುಗಳ ಮೇಲೆ ಮಾನಿಟರುಗಳನ್ನು ಹೂಡಿದಳು. ಸಾವಕಾರರು ಸೀರೆ ನೋಡುವಂತೆಯೇ ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ, ಒಮ್ಮೆ ಮೊಣಕಾಲೂರಿ ಕೆಳಗಿನಿಂದ. ಎರಡು ಪರದೆಗಳು ಜಡವಾಗಿ ಒಂದೇ ಬಣ್ಣ ತೋರಿಸುತ್ತ ಕುಳಿತವು. ಟಿಎನ್ ಮಾತ್ರ ವಾಲಿದಂತೆಲ್ಲ ಬಣ್ಣ ಬದಲಿಸಿತು. ಸಾವಕಾರರ ಕಣ್ಣರಳಿತು. ಹಾಸಿಗೊಂದು ಬಣ್ಣದ ನೂಲು, ಹೊಕ್ಕಿಗೊಂದು ಬಣ್ಣದ ನೂಲು ಹಾಕಿ ನೇಯ್ದ ಉತ್ತಮ ಸೀರೆ ಹೀಗೆಯೇ ಅಲ್ಲವೆ, ನೋಡಿದ ಕಡೆಗೊಂದು ಬಣ್ಣ ಮಿಂಚುವುದು?

“ಇದು ಎರಡು ನೂಲಿನ ಮಾಲು. ಇದನ್ನ ಕಟ್ಟು,” ಎಂದರು.

“ಕಾಕಾ, ಅದು ಗುಣ ಅಲ್ರಿ, ಐಬು.”

“ನೀ ಹುಟ್ಟೂಕಿಂತ ಮೊದಲಿಂದ ಬಣ್ಣ ನೋಡಾಕತ್ತೇನಿ, ಮಗಳ.”

ಜಬೀನ ಸಹಾಯಕ್ಕಾಗಿ ಅನ್ನಪೂರ್ಣಮ್ಮನವರತ್ತ ನೋಡಿದಳು. ಆಟಕ್ಕೆ ಚುರುಕಾದದ್ದು ಯಾವುದೆಂದು ಆಕೆ ಆಗಲೇ ಕೇಳಿಸಿಕೊಂಡಿದ್ದರು. ಪತಿವ್ರತೆಯ ಧ್ವನಿಯಲ್ಲಿ, “ಯಜಮಾನ್ರು ಹೇಳಿದ್ರಂದ್ರ ಮುಗೀತವ್ವ,” ಎಂದರು.

ಗುರುಸಂಗಪ್ಪನವರ ಅಂಗಡಿಯಲ್ಲಿ ಸಾವಕಾರನೆಂದರೆ ನೆಲದ ಗಾದಿಯ ಮೇಲೆ, ಲೋಡಿಗೆ ಒರಗಿ ಕೂಡುವವನು. ಅಪ್ಪನ ಕಾಲದಿಂದ ಬಂದ ಪದ್ಧತಿ. ಮಾನಿಟರ್ ಮೇಜಿನ ಮೇಲೆ, ಅನ್ನಪೂರ್ಣಮ್ಮ ಅದರೆದುರು ಕುರ್ಚಿಯಲ್ಲಿ, ಸಾವಕಾರರು ಕೆಳಗೆ. ಕೆಳಗಿನಿಂದ ನೋಡಿದರೆ ಪ್ರತಿ ಸೀರೆಯೂ ಮೋಡ ಕವಿದಂತೆ ಕಪ್ಪಾಗಿ ಕಾಣುತ್ತಿತ್ತು. “ಫೋಟೋದ ಬೆಳಕ ಹೆಚ್ಚ ಮಾಡು,” ಎನ್ನುವರು. ಹೆಂಡತಿ ಹೆಚ್ಚಿಸುವರು. “ಇನ್ನೂ.” ಹೀಗೆ ಮಾಡಿದರೆ ಬಣ್ಣ ಕೆಡುತ್ತದೆಂದು ಆಕೆ ಮೂರು ಸಲ ಹೇಳಿದರು. ಮೂರು ಸಲವೂ, ನೀನು ಕಾರು ಓಡಿಸು, ಬಣ್ಣ ನನಗೆ ಬಿಡು ಎಂಬ ಉತ್ತರ ಬಂತು. ಆಕೆ ಓಡಿಸಿದರು. ಕಾರು ಕುದುರೆಯಂತೆ ಓಡಿತು.

ಅಬ್ಬಿಗೇರಿಯ ಶೇಖವ್ವ ಮಗಳ ಮದುವೆಗೆ, ಬೀಗರಿಗೆ ಕೊಡುವ ಆಯೇರಕ್ಕೆಂದು, ಹೀಗೆ ಬೆಳಕು ಹೆಚ್ಚಿಸಿ ಮೊಬೈಲಿಗೆ ಕಳಿಸಿದ ಫೋಟೋಗಳನ್ನು ನೋಡಿಯೇ ಹನ್ನೊಂದು ಸೀರೆ ಆರಿಸಿ ತರಿಸಿಕೊಂಡರು. ಮದುವೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಗಂಟು ಹೊತ್ತುಕೊಂಡು ಅಂಗಡಿಗೆ ಬಂದಿಳಿದರು.

“ಈ ಹಸರ ಸೀರಿ ನೋಡ್ರಿ, ಫೋಟೋದಾಗ ಬಾಳಿ ಸುಳಿ ಹಂಗಿತ್ತು. ಗಂಟು ಬಿಚ್ಚಿದ್ರ ಬೇವಿನ ಎಲಿ. ನಿಮ್ಮ ಕಣ್ಣು ನಂಬಿ ತಗೊಂಡೀನ್ರಿ ಸಾವಕಾರ್ರ. ಬೀಗರ ಮುಂದ ಯಾರ ಕಣ್ಣು ತೋರಸ್ಲಿ?”

ಸಾವಕಾರರ ಮುಖದ ಬಣ್ಣವೇ ಇಳಿಯಿತು. ಮೂವತ್ತು ವರ್ಷದಲ್ಲಿ ಮೊದಲ ಗಂಟು ಮರಳಿ ಬಂದಿತ್ತು. ಅದೇ ಸೀರೆಯ ಫೋಟೋವನ್ನು ಪರದೆಯ ಮೇಲೆ ತರಿಸಿ, ಗಾದಿಯಿಂದಲೇ ನೋಡಿ, ಬೇವಿನ ಎಲೆಯೇ ಇದೆಯಲ್ಲ ಎಂದರು. ಮೇಜಿನ ಬಳಿ ನಿಂತ ಶೇಖವ್ವ, ಬಾಳೆ ಸುಳಿ ಎಂದರು. ಬೇವು, ಬಾಳೆ, ಬೇವು, ಬಾಳೆ. ಇಬ್ಬರೂ ಸತ್ಯವನ್ನೇ ನುಡಿಯುತ್ತಿದ್ದರಿಂದ ಜಗಳ ಮುಗಿಯುವಂತಿರಲಿಲ್ಲ.

“ಒಂದ್ಸಲ ಎದ್ದು ನಿಂತು ನೋಡ್ರಲ್ಲ,” ಎಂದರು ಅನ್ನಪೂರ್ಣಮ್ಮ.

ಸಾವಕಾರರು ಎದ್ದರು. ಏಳುತ್ತಿದ್ದಂತೆ ಬೇವು ಬಾಳೆಯಾಯಿತು. ನಂಬದೆ ಕುಳಿತರು, ಬೇವು. ಎದ್ದರು, ಬಾಳೆ. ಮತ್ತೆ ಕುಳಿತರು, ಮತ್ತೆ ಎದ್ದರು. ಐದನೆಯ ಸುತ್ತಿಗೆ ಶೇಖವ್ವನ ಸಿಟ್ಟೆಲ್ಲ ಆವಿಯಾಗಿ ಹೋಗಿತ್ತು.

“ಸಾಲ್ಯಾಗ ನಮಗ ಬಸ್ಕಿ ಹೊಡಸಬೇಕಾದ್ರ ಕಿವೀ ಹಿಡಕೋ ಅಂತಿದ್ರು ನಮ್ಮ ಮಾಸ್ತರು, ಸಾವಕಾರ್ರ,” ಎಂದರು.

ಹನ್ನೊಂದು ಸೀರೆಗಳನ್ನೂ ಅನ್ನಪೂರ್ಣಮ್ಮ ತಾವೇ ನಿಂತು ಬದಲಿಸಿಕೊಟ್ಟರು. ಮರುದಿನ ಒಬ್ಬರೇ ರೋಣಕ್ಕೆ ಹೋಗಿ ಐಪಿಎಸ್ ತಂದು ಅಂಗಡಿಯಲ್ಲಿಟ್ಟು, ಟಿಎನ್ ಅನ್ನು ಮನೆಗೆ ಸಾಗಿಸಿದರು. ಬಸ್ಕಿಯ ಕಥೆಯನ್ನು ಶೇಖವ್ವ ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಜೊತೆಗೆ ಬಡಿಸಿದರಂತೆ. ಅಂದಿನಿಂದ ಗಿರಾಕಿಗಳು ಅಂಗಡಿಯ ಮೆಟ್ಟಿಲೇರುವಾಗಲೇ “ಅಕ್ಕಾರು ಅದಾರೇನ್ರಿ?” ಎಂದು ಕೇಳುತ್ತಾರೆ. ಇಲ್ಲವೆಂದರೆ, ಬರುವ ತನಕ ಕಾಯುತ್ತಾರೆ.

ಮೊನ್ನೆ ನಾನು ಹೋದಾಗಲೂ ಅಂಗಡಿಯಲ್ಲಿ ಅಕ್ಕನವರೇ ಇದ್ದರು. ಯಜಮಾನರೆಲ್ಲಿ ಎಂದರೆ ಮನೆಯ ಕಡೆ ಕೈ ಮಾಡಿದರು. ಹೋಗಿ ನೋಡಿದೆ. ಗುರುಸಂಗಪ್ಪನವರು ಪರದೆಯ ನೇರ ಎದುರಿಗೆ ಕುರ್ಚಿ ಹಾಕಿಕೊಂಡು, ಮೈಯೆಲ್ಲ ಬೆವೆತು, ಕಾರು ಓಡಿಸುತ್ತಿದ್ದರು.

“ಹನ್ನೊಂದನೇ ನಂಬರ್ ಬಂದೆ ನೋಡ್ರಿ, ಮಾಸ್ತರ,” ಎಂದರು.

ಒಟ್ಟು ಎಷ್ಟು ಜನ ಓಡಿಸಿದರು ಎಂದು ಕೇಳಿದೆ.

“ಹನ್ನೆರಡು. ಒಬ್ಬಾಂವ ಇನ್ನೂ ಗಾಡಿ ಚಾಲೂನ ಮಾಡಿದ್ದಿಲ್ಲ.”