ಕಾಕಾನ ಕಣ್ಣು, ನನ್ನ ನಕಲು

ತಿಕೋಟಾದಲ್ಲಿ ನಾನು ನಕಲು ಮಾಡದ ಮನುಷ್ಯನಿಲ್ಲ. ಆದರೆ ನನ್ನ ಕಲೆಯ ಶಿಖರವೆಂದರೆ ನಮ್ಮಪ್ಪನ ತಮ್ಮ ಮಲ್ಲಪ್ಪ ಕಾಕಾ. ಬಸ್‌ಸ್ಟ್ಯಾಂಡ್ ಎದುರು ಚಹಾದಂಗಡಿ ಇಟ್ಟಿರುವ ಕಾಕಾ ಈಚೆಗೆ ಪಕ್ಕದವರನ್ನು ನೋಡಲು ಕೋಳಿಯಂತೆ ಇಡೀ ಕುತ್ತಿಗೆ ತಿರುಗಿಸುತ್ತಿದ್ದ. ಬಾಗಿಲ ಚೌಕಟ್ಟಿಗೆ ಭುಜ ಗುದ್ದುತ್ತಿದ್ದ. ನಾನು ಅದನ್ನು ಮಾಡಿ ತೋರಿಸಿದರೆ ಗಿರಾಕಿಗಳು ಮೈಮೇಲೆ ಚಹಾ ಚೆಲ್ಲಿಕೊಳ್ಳುತ್ತಿದ್ದರು!

ನಗದವಳು ಕಾಕಾನ ಹೆಂಡತಿ ಒಬ್ಬಳೇ. "ಆಡ್ಕೊಂಡಿದ್ದು ಸಾಕಲೇ. ವಿಜಾಪುರಕ್ಕ ಕರ್ಕೊಂಡ್ಹೋಗಿ ಕಣ್ಣು ತೋರ್ಸು. ಬೈಕ್ ಮ್ಯಾಲಿಂದ ಎಲ್ಲೆರ ಬಿದ್ದಗಿದ್ದಾನ!"

"ಕಣ್ಣಿಗೇನಾಗೇತಿ? ಆ ಕಡಿ ಬೋರ್ಡ್ ಇಲ್ಲಿಂದನ ಓದ್ತೇನಿ!" ಅಂದ ಕಾಕಾ. ಓದಿಯೂ ತೋರಿಸಿದ.

ಈ ಮಹತ್ಕಾರ್ಯಕ್ಕೆ ನನಗಿಂತ ಯೋಗ್ಯರು ಯಾರು? ಕಾಕಾನನ್ನು ಎಳೆದುಕೊಂಡು ಹೋದೆ.

ಆಸ್ಪತ್ರೆಯಲ್ಲಿ ಉದ್ದನೆಯ ಪಾಳಿ. ಬೇಸರ ಕಳೆಯಲು ಎದ್ದುನಿಂತು ಕಾಕಾನ ನಡಿಗೆಯನ್ನು ಪ್ರದರ್ಶಿಸಿದೆ. ಜನ ನಕ್ಕರು. ಥಟ್ಟನೆ ನಗು ನಿಂತಿತು. ಬಾಗಿಲಲ್ಲಿ ಡಾಕ್ಟರಮ್ಮ!

"ಹಿಂಗ ನಡಿಯೂದು ಯಾವಾಗಿಂದ? ಒಳಗ ಬರ್ರಿ ತಮ್ಮಾ."

"ನಂಗಲ್ರಿ ಮೇಡಂ, ಕಾಕಾಗ..."

"ನಾಚ್ತಾನ್ರಿ ಹುಡುಗ," ಎಂದು ಕಾಕಾ ನನ್ನನ್ನೇ ಮುಂದೆ ತಳ್ಳಿದ. "ಬಾಳ ದಿನದಿಂದ ಹಿಂಗ ನಡಿಯಾಕತ್ತಾನ. ಚಲೋತ್ನಂಗ ನೋಡ್ರಿ!"

ನನ್ನ ಕಣ್ಣಿಗೆ ತಪಾಸಣೆಯ ಹನಿ ಬಿತ್ತು. ಜಗತ್ತು ಕಲಸಿದ ಚುರುಮುರಿಯಾಯಿತು.

"ನಿಮ್ಮ ಕಣ್ಣು ಬರೋಬ್ಬರಿ ಅದಾವಲ್ಲ. ಹಂಗಾದ್ರ ಆ ನಡಿಗಿ ಯಾರದು?"

ಕಾಕಾ ಎಂದುಕೊಂಡು ನಾನು ಬೆರಳು ತೋರಿಸಿದೆ, ಕಪಾಟಿನ ಕಡೆಗೆ! ಕಾಕಾ ಅಷ್ಟರಲ್ಲಿ ಪಲಾಯನಕ್ಕೆ ಹೊರಟಿದ್ದ. ಚೌಕಟ್ಟಿಗೆ ಭುಜ ಗುದ್ದಿ ಸಿಕ್ಕಿಬಿದ್ದ.

ತಪಾಸಣೆಯಾಯಿತು. ಗ್ಲಾಕೋಮಾ.

"ನೋವು ಇಲ್ಲ, ಏನಿಲ್ಲ. ಎದುರಿಂದು ಚಂದ ಕಾಣ್ತೈತಿ, ಬಾಜೂಕಿಂದು ಸದ್ದಿಲ್ಲದ ಹೋಗ್ತೈತಿ," ಅಂದರು ಡಾಕ್ಟರಮ್ಮ. "ಇನ್ನೊಂದು ನಮೂನಿದು ಒಮ್ಮೆಲೆ ಬರ್ತದ. ಕಣ್ಣು ಕೆಂಪಾಗಿ ಸಿಡೀತದ, ದೀಪದ ಸುತ್ತ ಬಣ್ಣದ ಉಂಗುರ ಕಾಣ್ತದ, ವಾಂತಿ ಆಗ್ತದ. ಅದಕ್ಕ ಆಗಿಂದಾಗ ಓಡಿ ಬರ್ಬೇಕು."

"ಹೋಗಿದ್ದು ತಿರುಗಿ ಬರ್ತೈತೇನ್ರಿ?" ಕಾಕಾನ ದನಿ ಇಳಿದಿತ್ತು.

"ಇಲ್ರಿ. ಉಳಿದಿದ್ದನ್ನ ಉಳಿಸ್ಕೋಬಹುದು. ದಿನಾ ಹನಿ ತಪ್ಪಿಸಬ್ಯಾಡ್ರಿ. ಸದ್ಯ ಬೈಕ್ ಬ್ಯಾಡ. ತಮ್ಮಾ, ರಕ್ತಸಂಬಂಧದಾಗ ಬರ್ತದ, ನೀವೂ ವರ್ಷಕ್ಕೊಮ್ಮೆ ತೋರಿಸ್ರಿ."

ಹೊರಗೆ ಸುಡುಬಿಸಿಲು. ಹನಿ ಬಿದ್ದ ನನ್ನ ಕಣ್ಣು ತೆರೆಯಲೊಲ್ಲವು! ಅದೇ ಹನಿ ಬಿದ್ದಿದ್ದರೂ ಕಾಕಾ ಟವೆಲ್ಲನ್ನು ಹಣೆಗೆ ಇಳಿಬಿಟ್ಟು, ನನ್ನ ಕೈಹಿಡಿದು ಬಸ್ಸು ಹತ್ತಿಸಿದ. ನಾನು ನೇರವಾಗಿ ಒಬ್ಬ ಅಜ್ಜಿಯ ತೊಡೆಯ ಮೇಲೆ ಕುಳಿತೆ.

"ಯಪ್ಪಾ, ಸತ್ನೋ!" ಅಜ್ಜಿ ಚೀರಿದಳು.

ಕಾಕಾ ಎದ್ದುನಿಂತ. ಕಣ್ಣು ಕಿರಿದು ಮಾಡಿ, ಕೈಚಾಚಿ, ಗಾಳಿ ತಡವುತ್ತ ನನ್ನನ್ನೇ ಮಾಡಿ ತೋರಿಸಿದ. ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ!

ಈಗ ದಿನಾ ಸಂಜೆ ಅಂಗಡಿಯಲ್ಲಿ ಕಾಕಾನ ಕಣ್ಣಿಗೆ ಹನಿ ಹಾಕುವವನು ನಾನೇ. ಆಮೇಲೆ ಪ್ರದರ್ಶನ ಅವನದು, ಚಪ್ಪಾಳೆಯೂ ಅವನದೇ. ಚಹಾದ ಕಪ್ಪು ತೊಳೆಯುವ ಭಾಗ್ಯ ಮಾತ್ರ ನನ್ನದು!