ಮೇಷ್ಟ್ರ ಮುಖ

ಮೇಷ್ಟ್ರ ಫೋಟೋ ಒಂದೂ ಸಿಗಲಿಲ್ಲ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ, ಮಕ್ಕಳ ವಾರಪತ್ರಿಕೆಗೆ ಚಿತ್ರಕತೆ ಬರೆಯುತ್ತಿದ್ದವರು. ಅವರ ಡೊಳ್ಳುಹೊಟ್ಟೆಯ ಪತ್ತೇದಾರನನ್ನೂ ಅವನ ಸೋಮಾರಿ ಬೆಕ್ಕನ್ನೂ ನೋಡುತ್ತಲೇ ಎರಡು ತಲೆಮಾರಿನ ಮಕ್ಕಳು ಓದು ಕಲಿತಿದ್ದರು. ಈಗಿನ ಚಿತ್ರಕಾರರಲ್ಲಿ ಅವರ ಗೆರೆ ಕದಿಯದವರನ್ನು ದೀಪ ಹಚ್ಚಿ ಹುಡುಕಬೇಕು. ಹೋದ ವಾರ ಅವರು ತೀರಿಕೊಂಡರು. ಅವರ ಪೆನ್ಸಿಲ್ ಗೆರೆಗಳ ಮೇಲೆ ಇಷ್ಟು ವರ್ಷ ಮಸಿ ಎಳೆದವನು ಮಸಿಯಣ್ಣ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಂತಿತ್ತು.

"ಸಂಜೆಗೆ ಮುಖಪುಟ ಅಚ್ಚಿಗೆ ಹೋಗ್ಬೇಕು," ಅಂದರು ಸಂಪಾದಕರು. "ಫೋಟೋ ಇಲ್ದಿದ್ರೆ ಏನಾಯ್ತು? ದಿನಾ ಎದುರುಬದುರು ಕೂತಿದ್ದೋನು ನೀನು. ಬರೆದುಬಿಡು."

ಫೋಟೋ ಇಲ್ಲದ್ದು ಮೇಷ್ಟ್ರದೇ ತಪ್ಪು. ಕ್ಯಾಮೆರಾ ಕಂಡರೆ ಕಾಗದ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಆಫೀಸಿನ ಗುರುತಿನ ಚೀಟಿಗೆ ಫೋಟೋ ತೆಗೆಯುವಾಗಲೂ ತಲೆ ಅಲ್ಲಾಡಿಸಿದ್ದರು. ಅದರಲ್ಲಿ ಮುಖವಿರಬೇಕಾದ ಕಡೆ ಬರೀ ಮಂಜು.

ಮಸಿಯಣ್ಣ ಖಾಲಿ ಹಾಳೆ ಹರಡಿಕೊಂಡು ಕಣ್ಣು ಮುಚ್ಚಿದ. ಮೇಷ್ಟ್ರ ಕೈ ಕಂಡಿತು. ಸೊಟ್ಟ ಕಿರುಬೆರಳು ಕಂಡಿತು, ಉಗುರಿನ ಸಂದಿಯ ರಬ್ಬರಿನ ಪುಡಿಯೂ ಕಂಡಿತು. ಮುಖ ಮಾತ್ರ ಬರಲೊಲ್ಲದು. ಇಷ್ಟು ವರ್ಷ ಎದುರಿಗೆ ಕೂತು ತಾನು ನೋಡಿದ್ದು ಅವರ ಕೈಯನ್ನು, ಕಾಗದವನ್ನು. ಇವತ್ತು ಬರೆಯದಿದ್ದರೆ ಆ ಮುಖ ತನ್ನ ಪಾಲಿಗೆ ಹೋದಂತೆಯೇ ಎಂದು ಹೆದರಿಕೆಯಾಯಿತು.

ಅಷ್ಟರಲ್ಲಿ ಆಫೀಸಿಗೆ ಆಫೀಸೇ ಮೇಜಿನ ಸುತ್ತ ನೆರೆಯಿತು.

"ಮೂಗು ಇನ್ನೂ ಉದ್ದ ಎಳಿ ಮಸಿಯಣ್ಣ," ಅಂದಳು ಪ್ರೂಫ್ ನೋಡುವಾಕೆ.

"ಅಯ್ಯೋ, ಅದು ಮೊಂಡು ಮೂಗು ಕಣ್ರೀ!" ಅಂದ ಗುಮಾಸ್ತ.

"ಮೀಸೆ ಎಲ್ಲಿ?" ಟೀ ತಂದವನು ಕೇಳಿದ. "ಟೀ ಕುಡಿದು ಒರೆಸಿಕೊಳ್ತಿದ್ರಲ್ಲ!"

"ಒರೆಸಿಕೊಳ್ತಿದ್ದದ್ದು ತುಟಿ. ಮೀಸೆ ಇರ್ಲೇ ಇಲ್ಲ," ಗುಮಾಸ್ತ ತಿದ್ದಿದ.

ಉದ್ದ ಮಾಡಿ, ಮೊಂಡು ಮಾಡಿ, ಮೀಸೆ ಇಟ್ಟು, ಬೋಳಿಸಿ, ಮಧ್ಯಾಹ್ನದ ಹೊತ್ತಿಗೆ ಹಾಳೆಯ ಮೇಲೆ ಕದ್ದು ಸಿಕ್ಕಿಬಿದ್ದವನ ಹಾಗಿನ ಮುಖವೊಂದು ಮೂಡಿತು. ಮಸಿಯಣ್ಣ ಅದನ್ನು ಹರಿದು, ಕುಂಚವನ್ನೂ ಮಸಿ ಸೀಸೆಯನ್ನೂ ಜೇಬಿಗಿಳಿಸಿ, ಮೇಷ್ಟ್ರ ಮನೆಗೆ ಓಡಿದ. ಸೀಸೆಯ ಮುಚ್ಚಳ ಸಡಿಲವಾಗಿತ್ತೆಂದು ಅವನಿಗೆ ತಿಳಿದದ್ದು ಬಸ್ಸಿನಲ್ಲಿ, ಪಕ್ಕದಲ್ಲಿದ್ದವರು ಎದ್ದುಹೋದಾಗ.

ಮೇಷ್ಟ್ರ ಹೆಂಡತಿ ಅವನ ಅವತಾರ ನೋಡಿ, ಆ ವಾರದಲ್ಲಿ ಮೊದಲ ಸಲ ನಕ್ಕರು.

"ಅಮ್ಮಾ, ಮದುವೆ ಫೋಟೋನಾದ್ರೂ ಇದೆಯಾ?"

"ಇದೆ. ಅದರಲ್ಲಿ ಬಗ್ಗಿ ಚಪ್ಪಲಿ ಹುಡುಕ್ತಿದ್ದಾರೆ." ಬೀರು ತೆಗೆದು ಒಂದು ಹಾಳೆ ತಂದರು. "'ನಿಮ್ಮ ಮುಖ ಬರೆದುಕೊಡಿ' ಅಂತ ಅವರ ಹತ್ರ ಒಂದ್ಸಲ ಹಠ ಮಾಡಿದ್ದೆ. ಆಗ ಕೊಟ್ಟಿದ್ದು. ತಗೋ."

ತೆಳ್ಳಗಿನ, ಅರ್ಧ ಮಾಸಿದ ಪೆನ್ಸಿಲ್ ಗೆರೆ, ಮೇಷ್ಟ್ರದೇ ಕೈ! ಮಸಿಯಣ್ಣನಿಗೆ ಹೋದ ಜೀವ ಬಂತು. ಸೀಸೆಯಲ್ಲಿ ಉಳಿದಿದ್ದ ಮಸಿ ತೆಗೆದು ಅಲ್ಲೇ ಊಟದ ಮೇಜಿನ ಮುಂದೆ ಕೂತ. ಕೈ ತಾಗಿ ಕೆಡದಿರಲೆಂದು ಅವನು ಯಾವತ್ತೂ ಚಿತ್ರವನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಬೆರಳಗಲ ಬೆರಳಗಲವೇ ಸರಿಸುತ್ತ ಮಸಿ ಹಾಕುವವನು. ಕುಂಚಕ್ಕೆ ಹದವಾಗುವಂತೆ ಹಾಳೆಯನ್ನು ತಲೆಕೆಳಗೂ ಮಾಡುವವನು. ಹುಬ್ಬಾಯಿತು, ಕಿವಿಯಾಯಿತು, ಗಲ್ಲವಾಯಿತು. ಒಂದು ಗೆರೆಯೂ ನಡುಗಲಿಲ್ಲ. ಒಣಗಿತೋ ಇಲ್ಲವೋ, ಮುಚ್ಚಿಕೊಂಡು ಆಫೀಸಿಗೆ ಓಡಿದ.

ಸಂಪಾದಕರು ಹೊದಿಕೆ ಸರಿಸಿದರು. ಚಿತ್ರ ನೋಡಿದರು, ಮಸಿಯಣ್ಣನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಮೇಷ್ಟ್ರನ್ನ ಬರಿ ಅಂದ್ರೆ ನಿನ್ನನ್ನೇ ಬರ್ಕೊಂಡಿದ್ದೀಯಲ್ಲೋ!"

ಮಸಿಯಣ್ಣ ಇಣುಕಿದ. ತನ್ನದೇ ಹುಬ್ಬು, ತನ್ನದೇ ಗಲ್ಲ, ಕೆಲಸದಲ್ಲಿ ಮುಳುಗಿದಾಗ ಸ್ವಲ್ಪ ತೆರೆದುಕೊಳ್ಳುವ ತನ್ನದೇ ಬಾಯಿ. ಮೇಷ್ಟ್ರ ಮನೆಗೆ ಫೋನ್ ಮಾಡಿದ.

"ಅಮ್ಮಾ, ಇದು ಮೇಷ್ಟ್ರಲ್ಲ. ನಾನು."

"ಗೊತ್ತು ಕಣೋ. ನಾನೂ ಹಾಗೇ ಅಂದೆ. ಅದಕ್ಕವರು, 'ನನ್ನ ಮುಖ ನಾನೆಲ್ಲಿ ನೋಡ್ತೀನಿ? ದಿನಾ ನನಗೆ ಕಾಣೋದು ಇದೊಂದೇ' ಅಂದ್ರು. ಅದನ್ನೇ ಹಾಕಿ. ಅವರ ಕೈಯಿಂದ ಬಂದಿದ್ದು," ಅಂದರು.

ಬೇರೆ ದಾರಿಯೂ ಇರಲಿಲ್ಲ. ಯಂತ್ರ ಕಾಯುತ್ತಿತ್ತು. "ನಮ್ಮ ಮೇಷ್ಟ್ರಿಗೆ ಕೊನೆಯ ನಮಸ್ಕಾರ" ಎಂಬ ದಪ್ಪಕ್ಷರದ ಮೇಲೆ ಮಸಿಯಣ್ಣನ ಮುಖ ಸಾವಿರಗಟ್ಟಲೆ ಬೀಳತೊಡಗಿತು.

ಮನೆಗೆ ಬಂದು ಹೆಂಡತಿಯ ಕೈಗೆ ಒಂದು ಪ್ರತಿ ಕೊಟ್ಟು, ನಡೆದದ್ದೆಲ್ಲ ಹೇಳಿದ. ಆಕೆ ಚಿತ್ರವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ನೋಡಿದ್ದಾರೆ ರೀ ನಿಮ್ಮನ್ನ," ಅಂದಳು ಮೆಲ್ಲಗೆ.

"ನಾನು ಅವರನ್ನ ಒಂದು ದಿನಾನೂ ಸರಿಯಾಗಿ ನೋಡ್ಲಿಲ್ವಲ್ಲೇ," ಅಂದ ಮಸಿಯಣ್ಣ. ಇಡೀ ವಾರ ತಡೆದಿದ್ದ ಅಳು ಒಮ್ಮೆಲೇ ಉಕ್ಕಿ ಬಂತು.

ಹೆಂಡತಿ ಅವನ ಬೆನ್ನು ಸವರಿದಳು. ತಾನೂ ಕಣ್ಣೊರೆಸಿಕೊಂಡು ಎದ್ದಳು.

"ಅಳೋದು ಆಮೇಲೆ ಇರ್ಲಿ. ಬೆಳಗಾದ್ರೆ ಇದನ್ನ ನೋಡಿ ನೀವೇ ಹೋದ್ರಿ ಅಂತ ಬೀದಿಯೆಲ್ಲ ಬಾಗಿಲಿಗೆ ಬರುತ್ತೆ. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತನ್ನಿ."